ಗಾಯಕ್ಕೆ ಪ್ರೊಪೋಲಿಸ್: ಯಾವ ಅಂಟು, ಯಾವ ಗಾಯ, ಎಷ್ಟು ಪ್ರಮಾಣ

ಯುರೋಪಿನಿಂದ ಬಂದ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಯ ಮುಚ್ಚಳವನ್ನು ಚಳಿಗಾಲದ ಬೆಳಗ್ಗೆ ಎತ್ತಿದರೆ ‘ಟಕ್’ ಎಂದು ಸದ್ದು ಬರುತ್ತದೆ. ಅಂಚಿನಲ್ಲಿ ಬಳಿದಿದ್ದ ಕಂದು ಬಣ್ಣದ ಅಂಟು ಗಾಜಿನಂತೆ ಮುರಿದ ಸದ್ದು ಅದು. ಅದೇ ಮುಚ್ಚಳವನ್ನು ಬಿಸಿಲೇರಿದ ಮೇಲೆ ಎತ್ತಿದರೆ ಸದ್ದೇ ಇರುವುದಿಲ್ಲ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಎಳೆಗಳು ಹಲಸಿನ ಮೇಣದಂತೆ ಉದ್ದಕ್ಕೆ ಹಿಗ್ಗುತ್ತವೆ. ಕೈಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಸ್ಪಿರಿಟ್ಟೇ ಬೇಕು. ಈ ಅಂಟೇ ಪ್ರೊಪೋಲಿಸ್. ಹೆಸರು ಗ್ರೀಕ್ ಭಾಷೆಯದು. ‘ಪ್ರೊ’ ಎಂದರೆ ಮುಂದೆ, ‘ಪೋಲಿಸ್’ ಎಂದರೆ ಪಟ್ಟಣ. ಪಟ್ಟಣದ ಬಾಗಿಲಿನ ಕಾವಲು ಎಂಬ ಭಾವ. ಜಜ್ಜುಗಾಯಕ್ಕೆ, ಕೀವಾದ ಹುಣ್ಣಿಗೆ ಇದು ಮದ್ದು ಎಂದು ಅರಿಸ್ಟಾಟಲ್ ಕಾಲದಲ್ಲೇ ಬರೆದಿಟ್ಟಿದ್ದಾರೆ.

ಆ ಮಾತು ಇಂದಿಗೂ ಪೂರ್ತಿ ಸುಳ್ಳಲ್ಲ. ಆದರೆ ‘ಪ್ರೊಪೋಲಿಸ್ ಹಚ್ಚಿದರೆ ಗಾಯ ಮಾಯುತ್ತದೆ’ ಎಂಬ ಒಂದು ಸಾಲು ಮೂರು ಪ್ರಶ್ನೆಗಳನ್ನು ನುಂಗಿಬಿಡುತ್ತದೆ: ಯಾವ ಮರದ ಅಂಟು, ಯಾವ ರೂಪದಲ್ಲಿ, ಯಾವ ಗಾಯಕ್ಕೆ? ಇವಕ್ಕೆ ಉತ್ತರ ಸಿಗದೆ ಹಚ್ಚಿದರೆ ಮಾಯಬೇಕಾದ ಗಾಯ ಕೆರಳುವುದೂ ಉಂಟು.

ಜೇನಿಗೆ ಇದು ಯಾಕೆ ಬೇಕು

ಪ್ರೊಪೋಲಿಸ್ ಅನ್ನು ಜೇನುನೊಣ ತಯಾರಿಸುವುದಿಲ್ಲ, ತರುತ್ತದೆ. ಮೇಣ ಮಾತ್ರ ಅದರ ಹೊಟ್ಟೆಯಡಿಯ ಗ್ರಂಥಿಗಳಿಂದ ಬರುವ ಸ್ವಂತ ಸರಕು, ರಾಳ ಮರದ್ದು. ಮೊಗ್ಗಿನ ಮೇಲೆ, ತೊಗಟೆಯ ಬಿರುಕಿನಲ್ಲಿ ಒಸರಿದ ರಾಳವನ್ನು ನೊಣ ದವಡೆಯಿಂದ ಕಿತ್ತು, ಹಿಂಗಾಲಿನ ಬುಟ್ಟಿಗೆ ಅಂಟಿಸಿಕೊಂಡು ಬರುತ್ತದೆ. ಗೂಡಿಗೆ ಬಂದ ಮೇಲೆ ತಾನೇ ಇಳಿಸಲೂ ಆಗುವುದಿಲ್ಲ, ಅಷ್ಟು ಅಂಟು. ಬೇರೆ ನೊಣಗಳು ಚೂರುಚೂರಾಗಿ ಕಚ್ಚಿ ಎಳೆದು, ಮೇಣ ಬೆರೆಸಿ, ಬಿರುಕುಗಳಿಗೆ ಮೆತ್ತುತ್ತವೆ. ಸುಮಾರು 6 ಮಿ.ಮೀ.ಗಿಂತ ಕಿರಿದಾದ ಸಂದನ್ನು ಮೆಲ್ಲಿಫೆರಾ ಅಂಟಿನಿಂದ ಮುಚ್ಚುತ್ತದೆ, 6ರಿಂದ 9 ಮಿ.ಮೀ. ಸಂದನ್ನು ಓಡಾಡಲು ಬಿಡುತ್ತದೆ. 1851ರಲ್ಲಿ ಅಮೆರಿಕದ ಜೇನು ಸಾಕಣೆದಾರ ಲ್ಯಾಂಗ್‌ಸ್ಟ್ರಾತ್ ಈ ಅಳತೆಯನ್ನು ಹಿಡಿದದ್ದರಿಂದಲೇ ಇಂದಿನ ಪೆಟ್ಟಿಗೆಯ ಫ್ರೇಮುಗಳನ್ನು ಬಿಡಿಬಿಡಿಯಾಗಿ ಎತ್ತಲು ಸಾಧ್ಯವಾಗಿದೆ.

ಗೂಡಿಗೆ ನುಗ್ಗಿದ ಇಲಿಯನ್ನು ನೊಣಗಳು ಕಚ್ಚಿ ಕೊಂದರೂ ಹೊರಗೆ ಎಳೆದು ಹಾಕಲಾರವು. ಆಗ ಹೆಣದ ಮೇಲೆಲ್ಲ ಪ್ರೊಪೋಲಿಸ್ ಬಳಿಯುತ್ತವೆ. ಅದು ಕೊಳೆಯದೆ ಒಣಗಿ ಅಲ್ಲೇ ಉಳಿಯುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಗೋಡೆಗೆ ರಾಳ ಬಳಿದ ಗೂಡಿನ ನೊಣಗಳು ತಮ್ಮ ರೋಗನಿರೋಧಕ ವ್ಯವಸ್ಥೆಯನ್ನು ಅಷ್ಟಾಗಿ ದುಡಿಸಬೇಕಾಗುವುದಿಲ್ಲ. ಸೂಕ್ಷ್ಮಾಣುಗಳ ಕಾಟವನ್ನು ಗೋಡೆಯೇ ತಗ್ಗಿಸುತ್ತದೆ.

ನಮ್ಮ ಕಡೆಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಸಾಕುವ ತುಡುವೆ ಜೇನು ಪ್ರೊಪೋಲಿಸ್ ತರುವುದೇ ಇಲ್ಲ. ಬಿರುಕು ಮುಚ್ಚಲು ಅದು ಮೇಣವನ್ನೇ ಬಳಸುತ್ತದೆ. ಆದ್ದರಿಂದ ‘ತುಡುವೆಯ ಪ್ರೊಪೋಲಿಸ್’ ಎಂದು ಯಾರಾದರೂ ಕೊಟ್ಟರೆ ಅದು ಹಳೆಯ ಎರಿಯ ಕಪ್ಪು ಮೇಣವೇ ಇರಬೇಕು. ಕೋಲುಜೇನು ಇರುವೆ ಬಾರದಂತೆ ಗೂಡಿನ ಎರಡೂ ಬದಿ ಕೊಂಬೆಗೆ ಅಂಟಿನ ಪಟ್ಟಿ ಹಾಕುತ್ತದೆ, ಆದರೆ ಸಂಗ್ರಹಿಸುವಷ್ಟು ಅದರಲ್ಲಿರುವುದಿಲ್ಲ. ಉಳಿಯುವವು ಎರಡು. ಒಂದು, 1962ರಲ್ಲಿ ಇಂದಿನ ಹಿಮಾಚಲದ ನಗ್ರೋಟಾದಲ್ಲಿ ನೆಲೆಗೊಂಡು ಆಮೇಲೆ ದೇಶದ ಬೇರೆಡೆ ಹರಡಿದ ಮೆಲ್ಲಿಫೆರಾ. ಇನ್ನೊಂದು, ಗೋಡೆ ಬಿರುಕಿನಲ್ಲಿ ಗೂಡು ಕಟ್ಟುವ ಚುಚ್ಚದ ಮಿಸ್ರಿ ಜೇನು, ಕರಾವಳಿಯವರ ಮುಜಂಟಿ. ಮುಜಂಟಿ ತನ್ನ ಇಡೀ ಗೂಡನ್ನು ಮೇಣ, ರಾಳ ಕಲಸಿಯೇ ಕಟ್ಟುತ್ತದೆ.

ಒಂದೇ ಹೆಸರು, ಬೇರೆ ಬೇರೆ ಮದ್ದು

ಪ್ರೊಪೋಲಿಸ್‌ನ ಒಳಗೆ ಅಂದಾಜು ಅರ್ಧದಷ್ಟು ರಾಳ, 30% ಮೇಣ, 10% ಸುಗಂಧ ತೈಲ, 5% ಪರಾಗ, ಉಳಿದದ್ದು ಇತರ ವಸ್ತು ಎಂದು ಪುಸ್ತಕಗಳು ಹೇಳುತ್ತವೆ. ಈ ಅಂಕಿಗಳು ಗೂಡಿನಿಂದ ಗೂಡಿಗೆ ಬದಲಾಗುತ್ತವೆ. ಮುಖ್ಯ ಪ್ರಶ್ನೆ ಆ ಅರ್ಧ ಭಾಗ ರಾಳ ಯಾವ ಮರದ್ದು ಎಂಬುದು.

ಯುರೋಪಿನಲ್ಲಿ ನೊಣಗಳು ಪಾಪ್ಲಾರ್ ಮರದ ಮೊಗ್ಗಿನಿಂದ ತರುತ್ತವೆ. ಅದರಲ್ಲಿ ಪಿನೊಸೆಂಬ್ರಿನ್, ಗ್ಯಾಲಂಜಿನ್, ಕ್ರೈಸಿನ್ ಎಂಬ ಫ್ಲೇವನಾಯ್ಡುಗಳೂ ಕೆಫಿಕ್ ಆಮ್ಲದ ಎಸ್ಟರುಗಳೂ ಇರುತ್ತವೆ. ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬಕಾರಿಸ್ ಎಂಬ ಪೊದೆಯ ಚಿಗುರಿನದು, ಅದರ ಮುಖ್ಯ ವಸ್ತು ಆರ್ಟೆಪಿಲಿನ್-ಸಿ. ಅದೇ ದೇಶದ ಈಶಾನ್ಯ ಕರಾವಳಿಯ ಕೆಂಪು ಪ್ರೊಪೋಲಿಸ್ ನಮ್ಮ ಬೀಟೆ ಮರದ ಕುಲಕ್ಕೆ ಸೇರಿದ ಗಿಡದ್ದು. ಬ್ರೆಜಿಲ್ ಒಂದರಲ್ಲೇ 13 ಬಗೆ ಗುರುತಿಸಿದ್ದಾರೆ. ಥಾಯ್ಲೆಂಡಿನ ಚುಚ್ಚದ ಜೇನಿನ ಪ್ರೊಪೋಲಿಸ್‌ನಲ್ಲಿ ಮ್ಯಾಂಗೊಸ್ಟೀನ್ ಹಣ್ಣಿನ ಮ್ಯಾಂಗೊಸ್ಟಿನ್ ಸಿಕ್ಕಿದೆ.

ಅರ್ಥ ಇಷ್ಟೆ: ಪಾಪ್ಲಾರ್ ಪ್ರೊಪೋಲಿಸ್ ಮೇಲೆ ಮಾಡಿದ ಪ್ರಯೋಗದ ಫಲಿತಾಂಶವನ್ನು ಮುಜಂಟಿಯ ಅಂಟಿಗೆ ತಂದು ಹಚ್ಚಲಾಗದು. ನಮ್ಮ ಬಯಲಿನಲ್ಲಿ ಪಾಪ್ಲಾರ್ ಕಾಡಿಲ್ಲ. ಇಲ್ಲಿನ ನೊಣ ಇಲ್ಲಿನ ಮರದ ರಾಳ ತರುತ್ತದೆ, ಅದರ ರಸಾಯನವೂ ಬೇರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಪ್ರೊಪೋಲಿಸ್ ಕುರಿತ ಆರೋಗ್ಯದ ಘೋಷಣೆಗಳನ್ನು ಒಪ್ಪದಿರಲು ಕೊಟ್ಟ ಕಾರಣವೂ ಇಂಥದ್ದೇ: ವಸ್ತು ಯಾವುದೆಂದು ಸಾಕಷ್ಟು ಖಚಿತವಾಗಿಲ್ಲ.

ಗಾಯದೊಳಗೆ ಏನು ಮಾಡುತ್ತದೆ

ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಕೆಲವು ದಿನ ಉರಿಯೂತ: ಕೆಂಪು, ಬಿಸಿ, ಬಾವು. ಈ ಹೊತ್ತಿನಲ್ಲಿ ಬಿಳಿ ರಕ್ತಕಣಗಳು ಕಸ ಗುಡಿಸುತ್ತಿರುತ್ತವೆ. ನಂತರ ಹೊಸ ಮಾಂಸ, ಹೊಸ ಚರ್ಮ. ಕೊನೆಗೆ ತಿಂಗಳುಗಟ್ಟಲೆ ಕಲೆ ಗಟ್ಟಿಯಾಗುವ ಕೆಲಸ. ಪ್ರೊಪೋಲಿಸ್ ಕೈಹಾಕುವುದು ಮುಖ್ಯವಾಗಿ ಎರಡನೆಯ ಹಂತದಲ್ಲಿ. ಅದರ ಫೀನಾಲಿಕ್ ವಸ್ತುಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ, ಕೆಫಿಕ್ ಆಮ್ಲದ ಫೆನಿಥೈಲ್ ಎಸ್ಟರ್ ಉರಿಯೂತವನ್ನು ಎಬ್ಬಿಸುವ ಜೀವಕೋಶದ ಸಂಕೇತವೊಂದನ್ನು ತಡೆಯುತ್ತದೆ. ಚರ್ಮದ ಮೇಲೆ ಸಾಮಾನ್ಯವಾಗಿರುವ ಸ್ಟೆಫೈಲೊಕಾಕಸ್‌ನಂಥ ಗ್ರಾಂ-ಪಾಸಿಟಿವ್ ಜಾತಿಗಳ ಮೇಲೆ ಪರಿಣಾಮ ಚೆನ್ನಾಗಿದೆ. ಎರಡು ಪೊರೆಯುಳ್ಳ ಗ್ರಾಂ-ನೆಗೆಟಿವ್ ಜಾತಿಗಳ ಮೇಲೆ, ಅಂದರೆ ಇ-ಕೋಲೈ, ಹಸಿರು ಕೀವು ತರುವ ಸ್ಯೂಡೊಮೊನಾಸ್ ಮೇಲೆ, ಬಹಳ ಕಡಿಮೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣು ಸಾಯುತ್ತದೆಂದು ಯಾರೂ ನೆಚ್ಚಬಾರದು.

ಮನುಷ್ಯರ ಮೇಲಿನ ಪುರಾವೆ ಇದೆ, ಆದರೆ ಸಣ್ಣದು. ಬ್ರೆಜಿಲ್‌ನಲ್ಲಿ ಸಣ್ಣ ಸುಟ್ಟಗಾಯಗಳಿಗೆ ಪ್ರೊಪೋಲಿಸ್ ಕ್ರೀಮನ್ನೂ ಸುಟ್ಟಗಾಯದ ಮಾಮೂಲಿ ಮದ್ದಾದ ಸಿಲ್ವರ್ ಸಲ್ಫಾಡಯಾಜಿನ್ ಅನ್ನೂ ಹೋಲಿಸಿದ 2002ರ ವರದಿಯಲ್ಲಿ ಬ್ಯಾಕ್ಟೀರಿಯಾ ತಡೆಯುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಉರಿಯೂತ ಮಾತ್ರ ಪ್ರೊಪೋಲಿಸ್ ಕಡೆ ಕಡಿಮೆಯಿತ್ತು. ಆಸ್ಟ್ರೇಲಿಯಾದಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿದ್ದ 24 ಮಂದಿಗೆ ಪ್ರೊಪೋಲಿಸ್ ಹಚ್ಚಿ, 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವಾರ ಹುಣ್ಣಿನ ವಿಸ್ತೀರ್ಣ ಸರಾಸರಿ 41% ಕುಗ್ಗಿತ್ತು, ಹೋಲಿಕೆಯ ಗುಂಪಿನಲ್ಲಿ 16%. ಆದರೆ ಆ ಹೋಲಿಕೆಯ ಗುಂಪು ಹಿಂದೆ ಚಿಕಿತ್ಸೆ ಪಡೆದವರ ದಾಖಲೆಗಳು, ಜೊತೆಜೊತೆಗೆ ನೋಡಿದ ರೋಗಿಗಳಲ್ಲ. ಚಿಲಿಯ ತಾಲ್ಕಾ ಆಸ್ಪತ್ರೆಯಲ್ಲಿ ಇಂಥದೇ ಹುಣ್ಣುಗಳಿಗೆ 3% ಸ್ಪ್ರೇ ಬಳಸಿದರು (2019), ಅಲ್ಲೂ ಒಳ್ಳೆಯ ಫಲಿತಾಂಶ ಬಂತು. ಎರಡೂ ಕಡೆ ಆಸ್ಪತ್ರೆಯ ಮಾಮೂಲಿ ಶುಶ್ರೂಷೆ ಎಂದಿನಂತೆ ನಡೆದಿತ್ತು. ಪ್ರೊಪೋಲಿಸ್ ಅದರ ಮೇಲಿನ ಒಂದು ಪದರ, ಅದರ ಬದಲಿಯಲ್ಲ.

ಇನ್ನೊಂದು ಸಂಗತಿಯನ್ನು ಮರೆಯುವವರೇ ಹೆಚ್ಚು. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಣಗಲು ಬಿಟ್ಟ ಗಾಯಕ್ಕಿಂತ ತೇವ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತು. ಎಂದರೆ ಬರೀ ವ್ಯಾಸಲೀನ್ ಹಚ್ಚಿದರೂ ತರಚುಗಾಯ ಬೇಗ ಮಾಯುತ್ತದೆ. ಪ್ರೊಪೋಲಿಸ್ ಮುಲಾಮು ಕೊಡುವ ಗುಣದಲ್ಲಿ ಮುಲಾಮಿನ ಪಾಲೂ ಇದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾತಾಡಬೇಕು.

ಯಾವ ಗಾಯಕ್ಕೆ ಹಚ್ಚಬಾರದು

ಹಚ್ಚಬಹುದಾದವು ಕೆಲವೇ: ತೊಳೆದು ಶುಚಿಯಾದ ತರಚುಗಾಯ, ಚರ್ಮದ ಮೇಲ್ಪದರದಷ್ಟೇ ಆಳದ ಕೊಯ್ತ, ತಣ್ಣೀರಿನಡಿ 20 ನಿಮಿಷ ಹಿಡಿದ ಮೇಲೂ ಗುಳ್ಳೆಯೇಳದ ಸಣ್ಣ ಸುಟ್ಟಗಾಯ, ರಕ್ತ ಬರದ ಹಿಮ್ಮಡಿ ಒಡಕು.

ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ಯಾವ ಅಂಟೂ ಬೇಡ, ಯಾವ ಎಣ್ಣೆಯೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಹೋಗಬೇಕು. ಮೇಲೆ ಅಂಟು ಬಳಿದರೆ ತೊಳೆಯಬೇಕಾದ ವೈರಸ್ಸನ್ನು ಒಳಗೇ ಕೂಡಿಹಾಕಿದಂತೆ. ಮೊಳೆ, ಮುಳ್ಳು, ಕತ್ತಿಯ ಮೊನೆ ಆಳಕ್ಕೆ ಇಳಿದ ಗಾಯ, ಗದ್ದೆಯ ಕೆಸರು ಅಥವಾ ಗೊಬ್ಬರ ಸೇರಿದ ಗಾಯ ಧನುರ್ವಾಯುವಿನ ದಾರಿ. ಅಲ್ಲಿ ಬೇಕಾದದ್ದು ಚುಚ್ಚುಮದ್ದು. ಹತ್ತು ನಿಮಿಷ ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯದ ಬಾಯಿ ತೆರೆದೇ ಇದ್ದರೆ ಹೊಲಿಗೆ ಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಸಣ್ಣದಿರಲಿ, ವೈದ್ಯರು ನೋಡದೆ ಮನೆಮದ್ದು ಸಲ್ಲದು. ಮೇಲಿನ ಅಧ್ಯಯನಗಳನ್ನು ಓದಿ ‘ಡಯಾಬಿಟಿಸ್ ಹುಣ್ಣಿಗೆ ಒಳ್ಳೆಯದಂತೆ’ ಎಂದು ಮನೆಯಲ್ಲೇ ಹಚ್ಚುತ್ತ ಕೂತರೆ ಕಳೆಯುವುದು ದಿನಗಳು, ಮತ್ತು ಕೆಲವೊಮ್ಮೆ ಬೆರಳು.

ಮೊದಲು ಮುಂಗೈ, ಆಮೇಲೆ ಗಾಯ

ಪ್ರೊಪೋಲಿಸ್‌ನ ದೊಡ್ಡ ತೊಂದರೆ ಅಲರ್ಜಿ. ಪಾಪ್ಲಾರ್ ಬಗೆಯಲ್ಲಿರುವ ಕೆಫಿಕ್ ಆಮ್ಲದ ಎಸ್ಟರುಗಳೇ, ಅಂದರೆ ಗುಣ ಕೊಡುವ ಗುಂಪಿನ ವಸ್ತುಗಳೇ, ಚರ್ಮವನ್ನು ಕೆರಳಿಸುವವು. ವರ್ಷಗಟ್ಟಲೆ ಕೆಲಸ ಮಾಡಿದ ಜೇನು ಸಾಕಣೆದಾರರ ಬೆರಳುಗಳಲ್ಲಿ ಇಸುಬು ಬರುವುದು ಇದರಿಂದ. ‘ಜೇನು ಕಚ್ಚಿದರೂ ನನಗೇನೂ ಆಗುವುದಿಲ್ಲ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಜೇನಿನ ವಿಷದ ಅಲರ್ಜಿ ನಿಮಿಷಗಳಲ್ಲಿ ಕಾಣಿಸುತ್ತದೆ. ಇದು ಬೇರೆ ಜಾತಿಯದು, ಎರಡು–ನಾಲ್ಕು ದಿನ ಬಿಟ್ಟು ಬರುತ್ತದೆ. ಪೆರು ಬಾಲ್ಸಮ್ ಎಂಬ ಸುಗಂಧ ರಾಳಕ್ಕೆ, ಕೆಲವು ಸೆಂಟುಗಳಿಗೆ ಅಲರ್ಜಿ ಇರುವವರಿಗೆ ಇದೂ ಆಗದಿರುವ ಸಾಧ್ಯತೆ ಹೆಚ್ಚು.

ಪರೀಕ್ಷೆ ಹೀಗೆ: ಬಳಸಬೇಕೆಂದಿರುವ ಮುಲಾಮನ್ನೇ ಮುಂಗೈಯ ಒಳಬದಿಯ ಆರೋಗ್ಯವಾದ ಚರ್ಮಕ್ಕೆ ಒಂದು ರೂಪಾಯಿ ನಾಣ್ಯದಗಲ, ದಿನಕ್ಕೆ ಎರಡು ಸಲ, ಏಳು ದಿನ ಅದೇ ಜಾಗಕ್ಕೆ ಹಚ್ಚಿ. ಒಂದು ದಿನ ಹಚ್ಚಿ ‘ಏನೂ ಆಗಲಿಲ್ಲ’ ಎನ್ನುವುದು ಪರೀಕ್ಷೆಯಲ್ಲ. ನವೆ, ಕೆಂಪು, ಸಣ್ಣ ಗುಳ್ಳೆ ಕಂಡರೆ ಅಲ್ಲಿಗೆ ಮುಗಿಯಿತು, ಪ್ರೊಪೋಲಿಸ್ ನಿಮಗಲ್ಲ. ಪರೀಕ್ಷೆ ಪಾಸಾದವರಿಗೂ ಮುಂದೆಂದಾದರೂ ಅಲರ್ಜಿ ಹುಟ್ಟಬಹುದು, ಏಕೆಂದರೆ ದೇಹ ಒಂದು ವಸ್ತುವನ್ನು ಹೊಸದಾಗಿ ಶತ್ರುವೆಂದು ಕಲಿಯಲು ಹತ್ತು ಹದಿನಾಲ್ಕು ದಿನ ಬೇಕು. ಗಾಯದ ಸುತ್ತ ನವೆ ಏಳುತ್ತಿದ್ದರೆ ‘ಮಾಯುವ ನವೆ’ ಎಂದುಕೊಂಡು ಮುಂದುವರಿಸಬೇಡಿ.

ಸಂಗ್ರಹ ಮತ್ತು ಟಿಂಚರ್

ಫ್ರೇಮಿನ ಅಂಚನ್ನು ಉಳಿಯಿಂದ ಕೆರೆದರೆ ಬರುವ ಅಂಟಿನಲ್ಲಿ ಮರದ ಸಿಬಿರು, ಬಣ್ಣದ ಚೂರು, ನೊಣದ ಕಾಲು ಎಲ್ಲ ಇರುತ್ತವೆ. ಮದ್ದಿಗೆ ಅದು ಬೇಡ. ಮುಚ್ಚಳದ ಕೆಳಗೆ 3–4 ಮಿ.ಮೀ. ಕಿಂಡಿಯ ಪ್ಲಾಸ್ಟಿಕ್ ಜಾಲರಿ ಇಟ್ಟು ಮುಚ್ಚಳವನ್ನು ತುಸು ಎತ್ತರಿಸಿದರೆ, ಬೆಳಕು ಗಾಳಿ ಬರುವ ಕಿಂಡಿಗಳನ್ನೆಲ್ಲ ನೊಣಗಳು ತುಂಬುತ್ತವೆ. ತುಂಬಿದ ಜಾಲರಿಯನ್ನು ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ಹೊರತೆಗೆದ ಕೂಡಲೇ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಅಂಟು ಪಟಪಟನೆ ಉದುರುತ್ತದೆ. ಎರಡು ನಿಮಿಷ ತಡವಾದರೆ ಮತ್ತೆ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ವರ್ಷಕ್ಕೆ ಒಂದು ಪೆಟ್ಟಿಗೆಯಿಂದ ಸಾಮಾನ್ಯವಾಗಿ 50ರಿಂದ 150 ಗ್ರಾಂ. ನುಸಿಗೆ ಔಷಧಿ ಪಟ್ಟಿ ಹಾಕಿದ ಪೆಟ್ಟಿಗೆಯದು, ಹೆದ್ದಾರಿ ಬದಿಯದು ಬಿಡಿ: ಫ್ಲುವಾಲಿನೇಟ್‌ನಂಥ ಕೀಟನಾಶಕ ಮೇಣದಲ್ಲಿ ಕರಗಿ ನಿಲ್ಲುತ್ತದೆ, ಸೀಸವೂ ಅಂಟಿಗೆ ಹಿಡಿಯುತ್ತದೆ.

ಟಿಂಚರಿಗೆ, ಅಂದರೆ ಮದ್ಯದಲ್ಲಿ ಕರಗಿಸಿ ತೆಗೆದ ಸಾರಕ್ಕೆ, 30 ಗ್ರಾಂ ಪ್ರೊಪೋಲಿಸ್ ಅನ್ನು ಫ್ರೀಜರಿನಿಂದ ತೆಗೆದ ಕೂಡಲೇ ಕುಟ್ಟಾಣಿಯಲ್ಲಿ ರವೆಯಷ್ಟು ಪುಡಿಮಾಡಿ, 100 ಮಿ.ಲೀ. 70% ಎಥೆನಾಲಿಗೆ ಹಾಕಿ. 95% ಎಥೆನಾಲ್ ಇದ್ದರೆ 74 ಮಿ.ಲೀ.ಗೆ ನೀರು ಸೇರಿಸಿ 100ಕ್ಕೆ ತಂದರೆ 70% ಆಗುತ್ತದೆ. 70% ಯಾಕೆ? ಅದಕ್ಕಿಂತ ಗಟ್ಟಿ ಇದ್ದರೆ ಬೇಡದ ಮೇಣವೂ ಕರಗಿ ಬರುತ್ತದೆ, ನೀರು ಹೆಚ್ಚಾದರೆ ಬೇಕಾದ ರಾಳವೇ ಬರುವುದಿಲ್ಲ. 42.8% ಇರುವ ವೋಡ್ಕಾ ಸಾಲದು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಅಥವಾ ಪಾಲಿಶಿನ ಮೆಥಿಲೇಟೆಡ್ ಸ್ಪಿರಿಟ್ ಯಾವ ಕಾರಣಕ್ಕೂ ಬೇಡ, ಅವುಗಳಲ್ಲಿ ಬೆರೆಸಿದ ವಿಷ ಉಳಿದುಬಿಡುತ್ತದೆ. ಶುದ್ಧ ಎಥೆನಾಲ್ ನಮ್ಮಲ್ಲಿ ಅಬಕಾರಿ ನಿಯಂತ್ರಣದ ವಸ್ತು. ಪರವಾನಗಿ ಇಲ್ಲದವರು ಸಿದ್ಧ ಟಿಂಚರನ್ನೇ ಕೊಳ್ಳುವುದು ಸರಿ.

ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ಕತ್ತಲಲ್ಲಿಟ್ಟು ದಿನಕ್ಕೆರಡು ಸಲ ಕುಲುಕಿ, ಎರಡು ವಾರದ ನಂತರ ತೆಳು ಬಟ್ಟೆಯಲ್ಲಿ ಸೋಸಿ. ಆಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಕರಗಿ ಬಂದಿದ್ದ ಮೇಣ ತಳದಲ್ಲಿ ಬೂದು ಹೊಗೆಯಂತೆ ಕೂರುತ್ತದೆ. ತಣ್ಣಗಿರುವಾಗಲೇ ಫಿಲ್ಟರ್ ಕಾಗದದಲ್ಲಿ ಮತ್ತೆ ಸೋಸಿ. ಉಳಿದದ್ದು ಗಾಢ ಚಹಾ ಬಣ್ಣದ ತಿಳಿ ದ್ರವ. ಒಂದು ಲೋಟ ನೀರಿಗೆ ಇದರ ಹನಿ ಬಿಟ್ಟರೆ ಆ ಕ್ಷಣವೇ ಹಾಲಿನಂತೆ ಬೆಳ್ಳಗೆ ಮಸುಕು ಹರಡುತ್ತದೆ, ಮೇಲೆ ಹಳದಿ ಚುಕ್ಕೆ ತೇಲುತ್ತದೆ. ಮದ್ಯದಲ್ಲಿದ್ದ ರಾಳ ನೀರಿಗೆ ಬಿದ್ದು ಹೊರಬಂದ ಗುರುತು ಅದು. ಕೊಂಡ ಬಾಟಲಿಯ ಹನಿ ನೀರಿನಲ್ಲಿ ಬಣ್ಣದಂತೆ ತಿಳಿಯಾಗಿ ಕರಗಿದರೆ ಒಳಗೆ ರಾಳ ಇದೆಯೇ ಎಂದು ಅನುಮಾನಿಸಬೇಕು. ನೀರಿನಲ್ಲಿ ಕರಗುವಂತೆ ಮಾಡಿದ ಗ್ಲೈಕಾಲ್ ಬಗೆಯಾದರೆ ಲೇಬಲ್ಲಿನಲ್ಲಿ ಹಾಗೆಂದು ಬರೆದಿರಬೇಕು.

30 ಗ್ರಾಂ ಹಾಕಿದ ಮಾತ್ರಕ್ಕೆ ಟಿಂಚರ್ 30% ಆಗುವುದಿಲ್ಲ. ತೂಕ ನೋಡಿದ ಸ್ಟೀಲ್ ತಟ್ಟೆಗೆ 5 ಮಿ.ಲೀ. ಹಾಕಿ, ಪೂರ್ತಿ ಆರಿದ ಮೇಲೆ ಮತ್ತೆ ತೂಗಿ. 0.6 ಗ್ರಾಂ ಉಳಿದಿದ್ದರೆ 100 ಮಿ.ಲೀ.ಗೆ 12 ಗ್ರಾಂ, ಅಂದರೆ 12%. ಮಾರುಕಟ್ಟೆಯ ಲೇಬಲ್ಲಿನ ‘30%’ ಎಷ್ಟೋ ಸಲ ಹಾಕಿದ ಕಚ್ಚಾವಸ್ತುವಿನ ಲೆಕ್ಕ.

ಮುಲಾಮು

ತೆರೆದ ಗಾಯಕ್ಕೆ ಟಿಂಚರನ್ನು ನೇರ ಸುರಿಯಬಾರದು. 70% ಮದ್ಯ ಬೆಂಕಿಯಂತೆ ಉರಿಯುತ್ತದೆ, ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ. ಮದ್ಯ ಹಾರಿದ ಮೇಲೆ ರಾಳ ವಾರ್ನಿಶ್‌ನಂತೆ ಪದರ ಕಟ್ಟಿ, ಒಳಗೆ ಕೊಳೆ ಇದ್ದರೆ ಅದನ್ನೂ ಸೇರಿಸಿ ಮುಚ್ಚಿಬಿಡುತ್ತದೆ. ಗಾಯಕ್ಕೆ ಮುಲಾಮೇ ಸರಿ.

100 ಗ್ರಾಂ ಮುಲಾಮಿಗೆ 3% ಬರಬೇಕಾದರೆ 12% ಟಿಂಚರ್ 25 ಮಿ.ಲೀ. ಬೇಕು. ಅದನ್ನು ಅಗಲ ತಟ್ಟೆಯಲ್ಲಿ ಫ್ಯಾನಿನಡಿ, ಹತ್ತಿರ ಬೆಂಕಿಯಿಲ್ಲದ ಕಡೆ, ಜೇನುತುಪ್ಪದಷ್ಟು ಮಂದವಾಗುವವರೆಗೆ ಆರಿಸಿ. ಪೂರ್ತಿ ಒಣಗಿಸಿದರೆ ಎಣ್ಣೆಗೆ ಸೇರದೆ ಹರಳಾಗಿ ಉಳಿಯುತ್ತದೆ. 80 ಗ್ರಾಂ ಕೊಬ್ಬರಿ ಎಣ್ಣೆ, 17 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣ 62–64 ಡಿಗ್ರಿಗೆ ಕರಗುತ್ತದೆ. ಕೊಬ್ಬರಿ ಎಣ್ಣೆ 25 ಡಿಗ್ರಿ ಹೊತ್ತಿಗೇ ನೀರಾಗುವುದರಿಂದ ಬೇಸಿಗೆಯಲ್ಲಿ ಮೇಣವನ್ನು 20 ಗ್ರಾಂಗೆ ಏರಿಸಿ, ಎಣ್ಣೆಯನ್ನು 77ಕ್ಕೆ ಇಳಿಸಿ. ಒಲೆ ಆರಿಸಿ, ಪಾತ್ರೆಯನ್ನು ಹೊರತೆಗೆದು, ಸುಮಾರು 60 ಡಿಗ್ರಿಗೆ ಇಳಿದಾಗ ಪ್ರೊಪೋಲಿಸ್ ಪಾಕವನ್ನು ಸಣ್ಣ ಧಾರೆಯಲ್ಲಿ ಬಿಡುತ್ತ, ಮದ್ಯದ ವಾಸನೆ ಹೋಗುವವರೆಗೂ, ಮುಲಾಮು ಮಂದವಾಗುವವರೆಗೂ ತಿರುವುತ್ತಲೇ ಇರಿ. ಉರಿಯುವ ಒಲೆಯ ಮೇಲೆ ಈ ಕೆಲಸ ಮಾಡಿದರೆ ಮದ್ಯದ ಆವಿ ಹೊತ್ತಿಕೊಳ್ಳುತ್ತದೆ. ತಿರುವುವುದನ್ನು ನಡುವೆ ಬಿಟ್ಟರೆ ರಾಳವೆಲ್ಲ ತಳಕ್ಕೆ ಇಳಿದು, ಡಬ್ಬಿಯ ಮೇಲುಭಾಗ ಬರೀ ಎಣ್ಣೆ, ಕೆಳಭಾಗ 3%ಗಿಂತ ಎಷ್ಟೋ ಗಟ್ಟಿ. ಅಲರ್ಜಿಗೆ ಆ ತಳವೇ ಸಾಕು. ನೀರು ಒಂದು ಹನಿಯೂ ಸೇರಬಾರದು, ಬೂಸ್ಟು ಬರುವುದು ಅಲ್ಲಿಂದಲೇ.

ಇದು ಶುಚಿಯಾದ ಮುಲಾಮು ಆಗಬಹುದು, ಆಸ್ಪತ್ರೆಯ ಅರ್ಥದಲ್ಲಿ ಸ್ಟೆರೈಲ್ ಅಲ್ಲ. ಅಂಗಡಿಯ ಬಾಟಲಿಗೂ ಇದೇ ಮಾತು: ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ತಿನ್ನುವ ವಸ್ತುವೆಂದು ಪಡೆದ ಪರವಾನಗಿ, ಗಾಯದ ಮದ್ದೆಂದು ಅಲ್ಲ.

ಹಚ್ಚುವ ಕ್ರಮ ಸರಳ. ಸೋಪಿನಲ್ಲಿ ಕೈ ತೊಳೆದು, ಗಾಯವನ್ನು ಹರಿಯುವ ಕುಡಿಯುವ ನೀರಿನಲ್ಲಿ ಐದು ನಿಮಿಷ ತೊಳೆದು, ಮರಳು ಕಲ್ಲು ತೆಗೆದು, ಸುತ್ತಲಿನ ಚರ್ಮ ಒತ್ತಿ ಒರೆಸಿ. ಮುಲಾಮನ್ನು ಬೆರಳಿನಿಂದಲ್ಲ, ಶುಚಿಯಾದ ಚಮಚದ ಹಿಡಿಯಿಂದ ತೆಗೆದು ಗಾಜ್ ಬಟ್ಟೆಗೆ ತೆಳ್ಳಗೆ ಸವರಿ, ಅದನ್ನು ಗಾಯದ ಮೇಲಿಟ್ಟು ಕಟ್ಟಿ. ದಿನಕ್ಕೊಮ್ಮೆ, ಅಥವಾ ಬಟ್ಟೆ ಒದ್ದೆಯಾದಾಗ ಬದಲಿಸಿ. ದಪ್ಪಗೆ ಮೆತ್ತಿದರೆ ಸುತ್ತಲ ಚರ್ಮ ನೆನೆದು ಬೆಳ್ಳಗಾಗುತ್ತದೆ. ಮೂರು ದಿನದಲ್ಲಿ ಗಾಯ ಚಿಕ್ಕದಾಗುವ ಲಕ್ಷಣ ಕಾಣಬೇಕು. ಕೆಂಪು ಅಂಚು ಹರಡುತ್ತಿದ್ದರೆ, ಕೆಂಪು ಗೆರೆ ಮೇಲಕ್ಕೆ ಏರುತ್ತಿದ್ದರೆ, ಕೀವು, ದುರ್ವಾಸನೆ, ಜ್ವರ, ಹೆಚ್ಚುತ್ತಿರುವ ನೋವು ಇದ್ದರೆ ಮುಲಾಮು ಒರೆಸಿ ವೈದ್ಯರ ಬಳಿ ಹೋಗಿ, ಏನು ಹಚ್ಚಿದ್ದಿರಿ ಎಂದೂ ಹೇಳಿ. ಹೊಸ ಚರ್ಮ ಮುಚ್ಚಿದ ದಿನವೇ ಹಚ್ಚುವುದನ್ನು ನಿಲ್ಲಿಸಿ. ಅಲರ್ಜಿ ಕಲಿಯಲು ಚರ್ಮಕ್ಕೆ ಸಿಗುವ ದಿನ ಕಡಿಮೆಯಾದಷ್ಟೂ ಒಳ್ಳೆಯದು. ಟಿಂಚರ್ ಕತ್ತಲಲ್ಲಿ ಎರಡು ಮೂರು ವರ್ಷ ಕೆಡುವುದಿಲ್ಲ. ಮನೆಯ ಮುಲಾಮಿಗೆ ಮಾಡಿದ ತಾರೀಕು ಬರೆದು ಅಂಟಿಸಿ, ಆರು ತಿಂಗಳಿಗೆ ಅಥವಾ ಎಣ್ಣೆ ಕಮಟು ವಾಸನೆ ಬಂದ ದಿನ ಎಸೆಯಿರಿ. ಬಟ್ಟೆಗೆ ಹತ್ತಿದ ಹಳದಿ ಕಲೆಗೆ ಒಗೆಯುವ ಮೊದಲೇ ಸ್ಪಿರಿಟ್ ಹಚ್ಚಿ ಉಜ್ಜಿ, ಬಿಸಿನೀರು ಬಿದ್ದ ಮೇಲೆ ಅದು ಹೋಗುವುದು ಕಷ್ಟ.